ಹೊಸ ಕ್ಯಾಮೆರಾ ನಿಜಕ್ಕೂ ಹೊಸದೇನಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾ ಕೊಳ್ಳುವವರು ನನಗೆ ಎರಡು ಸಲ ಫೋನ್ ಮಾಡುತ್ತಾರೆ. ಮೊದಲ ಸಲ, ಯಾವುದು ತಗೊಳ್ಳಲಿ ಎಂದು ಕೇಳಲು. ಎರಡನೇ ಸಲ, ತಗೊಂಡ ಮಾರನೇ ದಿನ, ಸ್ವಲ್ಪ ದನಿ ತಗ್ಗಿಸಿ: "ಸರ್, ಇದು ಯಾರೋ ಬಳಸಿದ ಪೀಸ್ ಇರಬಹುದಾ?"

ಮದುವೆ, ನಾಮಕರಣದ ಫೋಟೊ ತೆಗೆಯುವುದು ನನ್ನ ಕಸುಬು. ಈ ವಿಷಯದಲ್ಲಿ ಒಮ್ಮೆ ನಾನೇ ಮೋಸ ಹೋಗಿದ್ದೇನೆ, ಅದನ್ನೂ ಕೆಳಗೆ ಹೇಳಿದ್ದೇನೆ. ಎಷ್ಟೋ ಜನ ಒಂದು ಗುರುತು ನೋಡಿ ಹೆದರುತ್ತಾರೆ, ಇಲ್ಲವೇ ಒಂದು ಗುರುತು ನೋಡಿ ನಂಬಿಬಿಡುತ್ತಾರೆ. ಎರಡೂ ಬೇಡ. ಬಾಕ್ಸ್ ಒಂದು ಮಾತು ಹೇಳುತ್ತದೆ, ಫೋಟೊ ಫೈಲ್ ಇನ್ನೊಂದು ಹೇಳುತ್ತದೆ, ಕ್ಯಾಮೆರಾದ ಮೈ ಮತ್ತೊಂದು ಹೇಳುತ್ತದೆ. ಮೂರೂ ಒಂದೇ ಮಾತು ಹೇಳುತ್ತಿವೆಯಾ ನೋಡಿ.

ಬಾಕ್ಸ್‌ಗೆ ಸೀಲೇ ಇರಲಿಲ್ಲ. ಯಾರೋ ತೆಗೆದು ಬಳಸಿದ್ದಾರೆ ಅಂತ ಅಲ್ವಾ?

ಅಷ್ಟಕ್ಕೇ ಹಾಗೆ ಹೇಳಲು ಬರುವುದಿಲ್ಲ. ನಿಕಾನ್, ಕ್ಯಾನನ್‌ನ ಎಷ್ಟೋ ಬಾಕ್ಸ್‌ಗಳು ಸೀಲ್ ಇಲ್ಲದೆಯೇ ಬರುತ್ತವೆ. ರಟ್ಟಿನ ಮುಚ್ಚಳವನ್ನು ಒಳಗೆ ಸಿಕ್ಕಿಸಿರುತ್ತಾರೆ, ಅಷ್ಟೇ. ಅದೂ ಅಲ್ಲದೆ ನಮ್ಮ ಕಡೆ ಅಂಗಡಿಯವರು ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಒತ್ತಿ ಸೀರಿಯಲ್ ನಂಬರ್ ಬರೆಯಲು ಬಾಕ್ಸ್ ತೆಗೆಯುವುದು ಮಾಮೂಲು.

ಇನ್ನೊಂದು ಕಡೆ, ಸೀಲ್ ಇದೆ ಅಂತ ಖುಷಿಪಡಲೂ ಹೋಗಬೇಡಿ. ಗುಂಡಗಿನ ಪಾರದರ್ಶಕ ಸ್ಟಿಕ್ಕರ್ ಸ್ಟೇಷನರಿ ಅಂಗಡಿಯಲ್ಲಿ ಹಾಳೆಗಟ್ಟಲೆ ಸಿಗುತ್ತದೆ. ಸ್ಟಿಕ್ಕರ್ ಅಡಿಯಲ್ಲಿ ರಟ್ಟಿನ ಬಣ್ಣ ಕಿತ್ತು ಬಂದಿದೆಯಾ, ಒಂದು ಅಂಟಿನ ಗುರುತಿನ ಮೇಲೆ ಇನ್ನೊಂದು ಸ್ಟಿಕ್ಕರ್ ಕೂತಿದೆಯಾ ನೋಡಿ. ಕೂತಿದ್ದರೆ ಕೇಳಿ.

ನಾನು ಸೀಲ್‌ಗಿಂತ ಒಳಗಿನ ಬೆಲ್ಟ್, ಅಂದರೆ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿ, ನೋಡುತ್ತೇನೆ. ಹೊಸ ಬೆಲ್ಟ್ ಕಂಪನಿ ಮಡಿಸಿದ ಹಾಗೆಯೇ ಗಟ್ಟಿಯಾಗಿ, ಗೆರೆ ಹಿಡಿದು ಕೂತಿರುತ್ತದೆ. ಒಂದು ಸಲ ಕ್ಯಾಮೆರಾಕ್ಕೆ ಪೋಣಿಸಿ ಬಿಚ್ಚಿದರೆ ತುದಿಯಲ್ಲಿ ಬಕಲ್ ಕಚ್ಚಿದ ಗುರುತು ಉಳಿಯುತ್ತದೆ. ಮತ್ತೆ ಎಷ್ಟು ನೀಟಾಗಿ ಮಡಿಸಿದರೂ ಆ ಗುರುತು ಹೋಗುವುದಿಲ್ಲ. ಬಾಕ್ಸ್ ಅನ್ನು ಮತ್ತೆ ತುಂಬುವವರು ಬ್ಯಾಟರಿ, ಚಾರ್ಜರ್ ಎಲ್ಲ ಸರಿಯಾಗಿ ಜೋಡಿಸುತ್ತಾರೆ, ಬೆಲ್ಟ್ ಮರೆಯುತ್ತಾರೆ.

ಮೊದಲ ಸಲ ಆನ್ ಮಾಡಿದಾಗ ಭಾಷೆ, ದಿನಾಂಕ ಕೇಳಲೇ ಇಲ್ಲ. ಏನರ್ಥ?

ನಿಮಗಿಂತ ಮೊದಲು ಯಾರೋ ಆನ್ ಮಾಡಿ ಸೆಟ್ ಮಾಡಿದ್ದಾರೆ. ನಿಮ್ಮ ಕಣ್ಣೆದುರೇ ಅಂಗಡಿಯವರು ಮಾಡಿದ್ದರೆ ತೊಂದರೆ ಇಲ್ಲ. ಕೊರಿಯರ್‌ನಲ್ಲಿ ಬಂದ ಬಾಕ್ಸ್‌ನಲ್ಲಿ ಹೀಗಾದರೆ ಮುಂದಿನ ಪರೀಕ್ಷೆಗಳನ್ನು ತಪ್ಪದೆ ಮಾಡಿ.

ಕೇಳಿತು ಅಂದಮಾತ್ರಕ್ಕೆ ಹೊಸದು ಅಂತಲೂ ಅಲ್ಲ. ಗಡಿಯಾರ ನಡೆಸಲು ಒಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿ ತೆಗೆದು ಕ್ಯಾಮೆರಾವನ್ನು ತಿಂಗಳುಗಟ್ಟಲೆ ಇಟ್ಟರೆ ಅದೂ ಖಾಲಿಯಾಗಿ, ಹಳೇ ಕ್ಯಾಮೆರಾ ಕೂಡ ದಿನಾಂಕ ಕೇಳುತ್ತದೆ.

ಮೊದಲ ಫೋಟೊ 0001 ಅಂತಲೇ ಬಂತು. ಹಾಗಾದ್ರೆ ಹೊಸದು ತಾನೇ?

ಫೈಲ್ ನಂಬರ್ ಬೇರೆ, ಶಟರ್ ಕೌಂಟ್ (ಕ್ಯಾಮೆರಾ ಇದುವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನುವ ಲೆಕ್ಕ) ಬೇರೆ. ಫೈಲ್ ನಂಬರನ್ನು ಯಾರು ಬೇಕಾದರೂ ಮೆನುವಿಗೆ ಹೋಗಿ ರೀಸೆಟ್ ಮಾಡಬಹುದು. ಅರ್ಧ ನಿಮಿಷದ ಕೆಲಸ. 9999 ದಾಟಿದರೆ ತಾನಾಗಿಯೇ 0001ಕ್ಕೆ ಬರುತ್ತದೆ. ಹಾಗಾಗಿ ಡಿಎಸ್‌ಸಿ_0001 ಅಂತ ಬಂದರೆ ಅದು ಮೊದಲ ಫೋಟೊನೂ ಆಗಿರಬಹುದು, ಹತ್ತು ಸಾವಿರದ್ದೂ ಆಗಿರಬಹುದು.

ನನ್ನದು ಉಲ್ಟಾ. ಮೊದಲ ಫೋಟೊಗೇ 4312 ಅಂತ ಬಂತು!

ಹಳೇ ಕ್ಯಾಮೆರಾದ ಕಾರ್ಡ್ ಹಾಕಿದ್ರಾ? ಕಾರ್ಡ್‌ನಲ್ಲಿ 4311ನೇ ಫೋಟೊ ಮೊದಲೇ ಇದ್ದರೆ ಹಲವು ಕ್ಯಾಮೆರಾಗಳು ಅಲ್ಲಿಂದಲೇ ಮುಂದುವರಿಸುತ್ತವೆ. ಆಮೇಲೆ ಕಾರ್ಡ್ ತೆಗೆದರೂ ಆ ಎಣಿಕೆಯೇ ನಡೆಯುತ್ತಿರುತ್ತದೆ. ಎಷ್ಟೋ ಜನ ಇದರಿಂದಲೇ ಗಾಬರಿಯಾಗಿ ಅಂಗಡಿಗೆ ಜಗಳಕ್ಕೆ ಹೋಗಿದ್ದಾರೆ. ಹೊಸ ಕ್ಯಾಮೆರಾಕ್ಕೆ ಮೊದಲು ಫಾರ್ಮ್ಯಾಟ್ ಮಾಡಿದ ಖಾಲಿ ಕಾರ್ಡ್ ಹಾಕಿ, ಆಮೇಲೆ ನೋಡಿ.

ಶಟರ್ ಕೌಂಟ್ ಅಂದರೆ ಏನು?

ಕಾರಿಗೆ ಕಿಲೋಮೀಟರ್ ಮೀಟರ್ ಇದ್ದ ಹಾಗೆ. ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಶಟರ್ ಅನ್ನುವ ತೆಳ್ಳಗಿನ ಪರದೆ ಇರುತ್ತದೆ, ಪ್ರತಿ ಫೋಟೊಗೂ ಅದು ತೆರೆದು ಮುಚ್ಚುತ್ತದೆ. ಕ್ಯಾಮೆರಾ ಒಳಗೆ ಅದರ ಲೆಕ್ಕ ಇರುತ್ತದೆ. ಆ ಪರದೆ ಎಷ್ಟು ಸಲಕ್ಕೆ ಪರೀಕ್ಷೆಯಾಗಿದೆ ಅಂತ ಕಂಪನಿಗಳು ಹೇಳುತ್ತವೆ. ಕ್ಯಾನನ್ 90ಡಿಗೆ 1,20,000, ನಿಕಾನ್ ಡಿ7500ಗೆ 1,50,000, ಡಿ850ಗೆ 2,00,000, ಡಿ5ಗೆ 4,00,000. ಅಷ್ಟಾದ ಕೂಡಲೇ ನಿಂತುಹೋಗುತ್ತದೆ ಅಂತಲ್ಲ. ಅದಕ್ಕೂ ಮುಂಚೆ ಕೈಕೊಡುವುದೇ ಇಲ್ಲ ಅಂತಲೂ ಅಲ್ಲ.

ಅದನ್ನು ನೋಡುವುದು ಹೇಗೆ?

ಕಂಪನಿ ಮೇಲೆ ಹೋಗುತ್ತದೆ.

ನಿಕಾನ್ ಆದರೆ ಸುಲಭ. ಪ್ರತಿ ಫೋಟೊ ಫೈಲ್ ಒಳಗೇ ಆ ಲೆಕ್ಕ ಬರೆದಿರುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಉಚಿತ ತಂತ್ರಾಂಶಕ್ಕೆ ಫೈಲ್ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಶಟರ್ ಕೌಂಟ್ ಅನ್ನುವ ಸಾಲು ಹುಡುಕಿ. ಪೆಂಟಾಕ್ಸ್‌ನಲ್ಲೂ ಹಾಗೆಯೇ. ಸೋನಿಯ ಹಲವು ಆಲ್ಫಾ ಮಾಡೆಲ್‌ಗಳಲ್ಲೂ ಸಿಗುತ್ತದೆ.

ಕ್ಯಾನನ್ ಸ್ವಲ್ಪ ಬಿಗಿ. ಸಾಮಾನ್ಯವಾಗಿ ಫೋಟೊ ಫೈಲ್‌ನಲ್ಲಿ ಈ ಲೆಕ್ಕ ಬರೆಯುವುದಿಲ್ಲ. ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ, ಬೇರೆಯವರು ಮಾಡಿದ ತಂತ್ರಾಂಶದಲ್ಲಿ ಓದಬೇಕು. ಎಲ್ಲ ಮಾಡೆಲ್‌ಗೂ ಅದು ನಡೆಯುವುದಿಲ್ಲ. 1ಡಿ ಎಕ್ಸ್‌ನಂಥ ಕೆಲವು ದುಬಾರಿ ಬಾಡಿಗಳಲ್ಲಿ (ಬಾಡಿ ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಮೆನುವಿನಲ್ಲೇ ತೋರಿಸುತ್ತಾರೆ. ನಿಮ್ಮದಕ್ಕೆ ಆಗದಿದ್ದರೆ ಸರ್ವಿಸ್ ಸೆಂಟರ್‌ಗೆ ಒಯ್ದು ಕೇಳಿ. ಒಲಿಂಪಸ್‌ನಲ್ಲಿ ಒಂದು ಗುಟ್ಟಿನ ಮೆನು ಇದೆ. ಕೆಲವು ಬಟನ್‌ಗಳನ್ನು ಕ್ರಮವಾಗಿ ಒತ್ತಿದರೆ ತೆರೆಯುತ್ತದೆ, ಶಟರ್ ಎಷ್ಟು ಸಲ ಬಿತ್ತು, ಫ್ಲ್ಯಾಶ್ ಎಷ್ಟು ಸಲ ಹೊಡೆಯಿತು ಎಲ್ಲ ಅಲ್ಲಿರುತ್ತದೆ.

ಒಂದು ಎಚ್ಚರ. ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸಿ "ಸರ್ ನೋಡಿ" ಅನ್ನಬೇಡಿ. ವಾಟ್ಸಾಪ್ ಫೋಟೊವನ್ನು ಹಿಂಡಿ ಚಿಕ್ಕದು ಮಾಡುವಾಗ ಒಳಗಿನ ಈ ಬರಹವೂ ಹೋಗುತ್ತದೆ. ಎಡಿಟ್ ಮಾಡಿದ ಫೋಟೊವೂ ಬೇಡ. ಕಾರ್ಡ್‌ನಿಂದ ನೇರ ತೆಗೆದ ಫೈಲ್ ಬೇಕು. ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಹೊಸ ಕ್ಯಾಮೆರಾದಲ್ಲಿ ಕೌಂಟ್ ಎಷ್ಟಿರಬೇಕು? ಸೊನ್ನೆನಾ?

ಸೊನ್ನೆ ಇರಲೇಬೇಕು ಅಂತ ಹಟ ಹಿಡಿಯಬೇಡಿ. ಫ್ಯಾಕ್ಟರಿಯಲ್ಲಿ ಪರೀಕ್ಷೆಗೆ ಕೆಲವು ಕ್ಲಿಕ್ ಆಗಿರುತ್ತದೆ. ಇಷ್ಟೇ ಇರಬೇಕು ಅನ್ನುವ ಸರಕಾರಿ ನಿಯಮವೂ ಇಲ್ಲ. ಹಾಗಾಗಿ ನನ್ನ ಲೆಕ್ಕ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ಐವತ್ತರ ಒಳಗಿದ್ದರೆ ನಾನು ಮಾತೇ ಆಡುವುದಿಲ್ಲ. ನೂರು, ಇನ್ನೂರು ಇದ್ದರೆ ಯಾಕೆ ಅಂತ ಕೇಳುತ್ತೇನೆ. ಅದಕ್ಕಿಂತ ಜಾಸ್ತಿ ಇದ್ದರೆ ಹೊಸದರ ಬೆಲೆ ಕೊಡುವುದಿಲ್ಲ.

ಇನ್ನೂರು ಅಂದರೆ ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಆದರೆ ಡಿ7500 ಸೆಕೆಂಡಿಗೆ 8 ಫೋಟೊ ತೆಗೆಯುತ್ತದೆ. ಅಂಗಡಿಗೆ ಬಂದ ಹುಡುಗರು ಗುಂಡಿ ಒತ್ತಿ ಹಿಡಿದು ಟರ್ರ್... ಅಂತ ಸದ್ದು ಕೇಳಿ ಖುಷಿಪಟ್ಟರೆ 25 ಸೆಕೆಂಡಿಗೆ ಇನ್ನೂರು ಆಗಿಹೋಯಿತು. ಶಟರ್ ಆಯಸ್ಸಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ನನಗೆ ಬೇಜಾರಾಗುವುದು ಸವೆತಕ್ಕಲ್ಲ. ಶೋಕೇಸ್‌ನಲ್ಲಿ ಇಟ್ಟ ಪೀಸನ್ನು ಫ್ರೆಶ್ ಪೀಸ್ ಅಂತ ಪೂರ್ತಿ ಬೆಲೆಗೆ ಕೊಟ್ಟರಲ್ಲ, ಅದಕ್ಕೆ.

ನೀವು ಮೋಸ ಹೋಗಿದ್ದು ಹೇಗೆ?

ಅದೇ ಡಿ7500. ದಸರಾ ಕಳೆದು ಮದುವೆ ಸೀಸನ್ ಶುರುವಾಗುವ ಹೊತ್ತು, ಎರಡನೇ ಬಾಡಿ ತುರ್ತಾಗಿ ಬೇಕಿತ್ತು. ಅಂಗಡಿಯ ಹೆಸರು ಬೇಡ. ಅವಸರದಲ್ಲಿ ಬಾಕ್ಸ್ ತೆರೆದು ಒಂದು ಫೋಟೊ ತೆಗೆದೆ, 0001 ಅಂತ ಬಂತು. ದುಡ್ಡು ಕೊಟ್ಟು ಬಸ್ಸು ಹತ್ತಿದೆ.

ಮನೆಗೆ ಬಂದು ಮೇಲೆ ಫ್ಲ್ಯಾಶ್ ಕೂರಿಸಲು ಹೋದರೆ ಸಲೀಸಾಗಿ ಜಾರಿತು. ಹೊಸ ಹಾಟ್ ಶೂ (ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ತೂರಿಸುವ ಜಾಗ) ಸ್ವಲ್ಪ ಬಿಗಿ ಇರುತ್ತದೆ, ಪೇಂಟ್ ಕೆರೆಯುವ ಸದ್ದೂ ಬರುತ್ತದೆ. ಇದು ಬರಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಎರಡೂ ಅಂಚಿನ ಕಪ್ಪು ಬಣ್ಣ ಸವೆದು ಬಿಳಿ ಲೋಹ ಕಾಣುತ್ತಿತ್ತು. ಹಿಂದಿನ ಮೂಲೆಯಲ್ಲಿ ಏನೋ ಕೆಂಪಗೆ ಕೂತಿತ್ತು. ತುಕ್ಕು ಅಂದುಕೊಂಡೆ. ಟೂತ್‌ಪಿಕ್ ತುದಿಯಲ್ಲಿ ಕೆದಕಿ ಬಿಳಿ ಟಿಶ್ಯೂ ಮೇಲೆ ಹಾಕಿ, ಒದ್ದೆ ಬೆರಳಿಂದ ಒತ್ತಿದರೆ ಅಗಲಕ್ಕೆ ಹರಡಿತು. ಕುಂಕುಮ!

ನನಗಿಂತ ಮೊದಲೇ ಯಾರೋ ಈ ಕ್ಯಾಮೆರಾಕ್ಕೆ ಪೂಜೆ ಮಾಡಿದ್ದರು.

ಆಗ ಫೈಲನ್ನು ಎಕ್ಸಿಫ್‌ಟೂಲ್‌ಗೆ ಹಾಕಿದೆ. ಶಟರ್ ಕೌಂಟ್ 1,846. ನಮ್ಮ ಕಸುಬಿನವರಿಗೆ ಈ ಸಂಖ್ಯೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದು ಒಂದು ಮದುವೆ. ರಿಸೆಪ್ಶನ್ನೂ ಸೇರಿ.

ಮಾರನೇ ದಿನ ಅಂಗಡಿಗೆ ಹೋದೆ. "ಫ್ಯಾಕ್ಟರಿ ಟೆಸ್ಟಿಂಗ್ ಸರ್, ಎಲ್ಲಾ ಪೀಸಲ್ಲೂ ಇರುತ್ತೆ" ಅಂದರು. "ಥಾಯ್ಲೆಂಡ್ ಫ್ಯಾಕ್ಟರಿಯಲ್ಲಿ ಕುಂಕುಮ ಇಡ್ತಾರಾ ಅಣ್ಣಾ?" ಅಂದೆ. ಟಿಶ್ಯೂ ತೆಗೆದು ಕೌಂಟರ್ ಮೇಲೆ ಇಟ್ಟೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊರಬಿತ್ತು. ಯಾರೋ ಕೊಂಡುಹೋಗಿ, ಮೂರನೇ ದಿನ "ಮಾಡೆಲ್ ಇಷ್ಟವಾಗಲಿಲ್ಲ" ಅಂತ ವಾಪಸ್ ಕೊಟ್ಟಿದ್ದರಂತೆ. ಮದುವೆ ಮುಗಿಸಿಕೊಂಡೇ ಇಷ್ಟವಾಗಲಿಲ್ಲ ಅಂದಿದ್ದಾರೆ ಪುಣ್ಯಾತ್ಮರು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿದ್ದೆ, ಅದಕ್ಕೇ ಮಾತು ಬೆಳೆಯಲಿಲ್ಲ. ಬೇರೆ ಪೀಸ್ ಕೊಟ್ಟರು. ಅದರಲ್ಲಿ ಕೌಂಟ್ 11 ಇತ್ತು.

ಕ್ಯಾಮೆರಾದ ಮೈಮೇಲೆ ಎಲ್ಲೆಲ್ಲಿ ನೋಡಬೇಕು?

ಟ್ಯೂಬ್‌ಲೈಟ್ ಸಾಲುವುದಿಲ್ಲ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ನೇರ ಹಿಡಿದರೆ ಗೀರು ಕಾಣುವುದಿಲ್ಲ.

ಮೊದಲು ಹಾಟ್ ಶೂ. ಅಲ್ಲಿ ಹೊಸತನ ಒಂದೇ ಸಲಕ್ಕೆ ಹೋಗುತ್ತದೆ. ಫ್ಲ್ಯಾಶ್ ಒಂದು ಸಲ ತೂರಿದರೂ ಗೆರೆ ಬೀಳುತ್ತದೆ. ಫ್ಯಾಕ್ಟರಿಯಲ್ಲೂ ಒಮ್ಮೆ ಪರೀಕ್ಷಿಸಿರಬಹುದು, ಹಾಗಾಗಿ ಒಂದು ಕೂದಲೆಳೆಯ ಗೆರೆಗೆ ತಲೆ ಕೆಡಿಸಿಕೊಳ್ಳಬೇಡಿ. ಪೇಂಟ್ ಪೂರ್ತಿ ಹೋಗಿ ಲೋಹ ಕಂಡರೆ ಕೇಳಿ.

ಆಮೇಲೆ ಬೆಲ್ಟ್ ಕಟ್ಟುವ ಕಿವಿಗಳು. ತ್ರಿಕೋನದ ರಿಂಗ್ ಅಲ್ಲಾಡಿ ಅಲ್ಲಾಡಿ ಪಕ್ಕದ ಬಾಡಿಯ ಮೇಲೆ ಅರ್ಧಚಂದ್ರದ ಹಾಗೆ ಉಜ್ಜಿದ ಗುರುತು ಮಾಡುತ್ತದೆ. ಇದು ನಾಲ್ಕು ಕ್ಲಿಕ್ಕಿಗೆ ಆಗುವುದಲ್ಲ. ಕುತ್ತಿಗೆಗೆ ಹಾಕಿಕೊಂಡು ಓಡಾಡಿದ್ದಾರೆ ಅಂತ ಅರ್ಥ.

ಅಡಿಯಲ್ಲಿ ಟ್ರೈಪಾಡ್ ತೂತು. ಒಳಗಿನ ತಿರುಪಿನ ಸುತ್ತುಗಳಲ್ಲಿ ಹೊಳಪು ಗೀರು, ಸುತ್ತಲಿನ ರಬ್ಬರ್ ಮೇಲೆ ಪ್ಲೇಟ್ ಒತ್ತಿದ ಚೌಕದ ಅಚ್ಚು. ವಿಡಿಯೊ ಮಾಡಿದ ಕ್ಯಾಮೆರಾದಲ್ಲಿ ಇದು ಗ್ಯಾರಂಟಿ.

ಲೆನ್ಸ್ ಕೂರುವ ಲೋಹದ ಬಳೆಯ ಮೇಲೆ ಉಂಗುರದಂಥ ಗೀರುಗಳಿರುತ್ತವೆ. ಒಂದೆರಡು ಮಸುಕು ಗೆರೆ ಸರಿ, ಫ್ಯಾಕ್ಟರಿಯಲ್ಲೂ ಲೆನ್ಸ್ ಹಾಕಿ ತೆಗೆಯುತ್ತಾರೆ. ಸುತ್ತಲೂ ಮಿರಮಿರ ಅಂದರೆ ಹಲವು ಸಲ ಲೆನ್ಸ್ ಬದಲಾಗಿದೆ.

ಕಣ್ಣಿಡುವ ರಬ್ಬರ್‌ನ ಮಡಿಕೆಯಲ್ಲಿ ನೋಡಿ. ಬೆವರು, ಪೌಡರ್, ಮೇಕಪ್ಪಿನ ಬಿಳಿ, ಎಲ್ಲ ಅಲ್ಲೇ ಕೂರುವುದು. ಒರೆಸುವವರು ಹಿಂದಿನ ಸ್ಕ್ರೀನ್ ಒರೆಸುತ್ತಾರೆ, ಅಲ್ಲಿಗೆ ಬಟ್ಟೆ ಹೋಗುವುದಿಲ್ಲ. ಉಳಿದಂತೆ ಕಾರ್ಡ್ ಬಾಗಿಲು, ಬ್ಯಾಟರಿ ಬಾಗಿಲು ಸಡಿಲವಾಗಿವೆಯಾ ಅಂತ ಒಮ್ಮೆ ತೆಗೆದು ಹಾಕಿದರೆ ಸಾಕು.

ಸೆನ್ಸರ್ ಮೇಲೆ ಧೂಳಿನ ಚುಕ್ಕಿ ಇದೆ. ಬಳಸಿದ್ದೇ ಅಲ್ವಾ?

ಇದನ್ನು ಪರೀಕ್ಷಿಸುವುದು ಹೀಗೆ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ) ಎಫ್/22ಕ್ಕೆ, ಅಂದರೆ ತೀರ ಕಿರಿದಾಗಿ, ಇಡಿ, ಫೋಕಸ್ ಬೇಕೆಂದೇ ತಪ್ಪಿಸಿ, ಬಿಳಿ ಗೋಡೆ ಅಥವಾ ಮೋಡವಿಲ್ಲದ ಆಕಾಶದ ಫೋಟೊ ತೆಗೆದು ಝೂಮ್ ಮಾಡಿ ನೋಡಿ. ಮಸುಕು ಬೂದು ಚುಕ್ಕಿಗಳು ಕಂಡರೆ ಧೂಳು.

ಆದರೆ ಚುಕ್ಕಿ ಇದ್ದಮಾತ್ರಕ್ಕೆ ಬಳಸಿದ್ದು ಅನ್ನಲಾಗದು. ಇದಕ್ಕೆ ದೊಡ್ಡ ಸಾಕ್ಷಿ ನಿಕಾನ್ ಡಿ600. 2012ರ ಸೆಪ್ಟೆಂಬರ್‌ನಲ್ಲಿ ಬಂತು. ಅಪ್ಪಟ ಹೊಸ ಕ್ಯಾಮೆರಾಗಳಲ್ಲೇ, ಲೆನ್ಸ್ ಒಮ್ಮೆಯೂ ಬದಲಿಸದವರಿಗೂ, ಸೆನ್ಸರ್ ಮೇಲೆ ಧೂಳು, ಎಣ್ಣೆಯ ಚುಕ್ಕಿ ಕಾಣಿಸಿಕೊಂಡವು. 2013ರ ಫೆಬ್ರವರಿಯಲ್ಲಿ ಕಂಪನಿಯೇ ಈ ಬಗ್ಗೆ ಪ್ರಕಟಣೆ ಕೊಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿ610 ಬಂತು. 2014ರಲ್ಲಿ ಡಿ600 ಇದ್ದವರಿಗೆ ಪುಕ್ಕಟೆಯಾಗಿ ಶಟರ್ ಬದಲಿಸಿ ಕೊಟ್ಟರು. ಅಂದರೆ ಆ ಚುಕ್ಕಿ ಫ್ಯಾಕ್ಟರಿಯ ಕೂಸೇ ಆಗಿತ್ತು. ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಕಾಣುವ ಒಂದೆರಡು ಕೆಂಪು, ನೀಲಿ ಚುಕ್ಕಿಗಳೂ ಹಾಗೆಯೇ, ಹೊಸದರಲ್ಲೂ ಇರುತ್ತವೆ.

ಕೂದಲೋ ಬಟ್ಟೆಯ ಎಳೆಯೋ ಕಂಡರೆ, ಅಥವಾ ಒರೆಸಿದ ಗೆರೆ ಕಂಡರೆ, ಅದು ಬೇರೆ ಮಾತು.

ಕೌಂಟ್ ಬರೀ 30 ಇದೆ. ಇನ್ನೇನೂ ನೋಡಬೇಕಿಲ್ಲ ಅಲ್ವಾ?

ಒಳಗೆ ಕನ್ನಡಿ ಇರುವ ಡಿಎಸ್ಎಲ್ಆರ್ ಕಾಲದಲ್ಲಿ ಹೂಂ ಅನ್ನುತ್ತಿದ್ದೆ. ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಬಂದ ಮೇಲೆ ಹಾಗೆ ಹೇಳಲಾರೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ತಾನೇ ಆನ್ ಆಫ್ ಆಗುವುದರಿಂದ ಸಾವಿರ ಫೋಟೊ ತೆಗೆದರೂ ಪರದೆ ಅಲ್ಲಾಡುವುದಿಲ್ಲ. ವಿಡಿಯೊ ಅಂತೂ ನೂರು ಗಂಟೆ ಮಾಡಿದರೂ ಕೌಂಟ್ ಅದರ ಕತೆ ಹೇಳುವುದಿಲ್ಲ. 2021ರ ನಿಕಾನ್ ಝೆಡ್9ನಲ್ಲಿ, 2023ರ ಸೋನಿ ಎ9 3ನೇ ಮಾದರಿಯಲ್ಲಿ ಆ ಪರದೆಯೇ ಇಲ್ಲ. ಇಂಥವುಗಳಲ್ಲಿ ಮೈ, ಬೆಲ್ಟ್, ಬಾಕ್ಸ್ ಇವೇ ಹೇಳಬೇಕು. ಯೂಟ್ಯೂಬ್ ಮಾಡುವವರಿಂದ ವಾಪಸ್ ಬಂದ ಕ್ಯಾಮೆರಾ ಅಂದರೆ ನಾನು ನೇರ ಟ್ರೈಪಾಡ್ ತೂತಿಗೆ ಟಾರ್ಚ್ ಬಿಡುತ್ತೇನೆ.

ಕೌಂಟ್ ತಿದ್ದಲು ಆಗುತ್ತಾ?

ಅಂಗಡಿಯ ಕೌಂಟರ್‌ನಲ್ಲಿ ಕೂತು ತಿದ್ದುವಷ್ಟು ಸುಲಭವಲ್ಲ. ರಿಪೇರಿಯಲ್ಲಿ ಮುಖ್ಯ ಬೋರ್ಡ್ ಬದಲಾದರೆ ಲೆಕ್ಕ ಬೇರೆಯಾಗಬಹುದು. ಹೊಸ ಕ್ಯಾಮೆರಾ ಕೊಳ್ಳುವವರು ಇದಕ್ಕೆ ನಿದ್ದೆಗೆಡಬೇಕಿಲ್ಲ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸ್ಕ್ರೂ ತಲೆಗಳನ್ನು ನೋಡಲಿ.

ಬ್ಯಾಟರಿ ಏನಾದರೂ ಹೇಳುತ್ತದೆಯೇ?

ನಿಕಾನ್‌ನ ಮಧ್ಯಮ ದರ್ಜೆ ಮತ್ತು ಅದಕ್ಕೂ ಮೇಲಿನ ಹಲವು ಬಾಡಿಗಳಲ್ಲಿ ಬ್ಯಾಟರಿ ಮಾಹಿತಿ ಅನ್ನುವ ಮೆನು ಇದೆ. ಬ್ಯಾಟರಿಯ ವಯಸ್ಸನ್ನು 0ಯಿಂದ 4ರವರೆಗೆ ತೋರಿಸುತ್ತದೆ. ಹೊಸದಕ್ಕೆ 0 ಇರಬೇಕು. ಬಾಕ್ಸ್‌ನಲ್ಲಿ ಬಂದದ್ದು ಕಂಪನಿಯ ಬ್ಯಾಟರಿಯೇನಾ ಅಂತಲೂ ನೋಡಿಕೊಳ್ಳಿ. ಒರಿಜಿನಲ್ ತೆಗೆದು ಡೂಪ್ಲಿಕೇಟ್ ಇಡುವ ಜಾಣರೂ ಇದ್ದಾರೆ.

ಬಾಕ್ಸ್ ಮೇಲಿನ ಲೇಬಲ್‌ನಲ್ಲಿ ಏನು ನೋಡಬೇಕು?

2011ರ ಪ್ಯಾಕ್ ಮಾಡಿದ ಸರಕುಗಳ ನಿಯಮದ ಪ್ರಕಾರ ಬಾಕ್ಸ್ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ, ಗ್ರಾಹಕರು ದೂರು ಹೇಳುವ ಸಂಖ್ಯೆ ಇರಬೇಕು. ಈ ಲೇಬಲ್ಲೇ ಇಲ್ಲದಿದ್ದರೆ ಅದು ಬೇರೆ ದಾರಿಯಲ್ಲಿ ಬಂದ ಮಾಲು. ನಮ್ಮವರು ಗ್ರೇ ಅನ್ನುತ್ತಾರೆ. ಕ್ಯಾಮೆರಾ ಹೊಸದೇ ಇರಬಹುದು, ಇಲ್ಲಿನ ವಾರಂಟಿ ಸಿಗುವುದಿಲ್ಲ.

ಲೇಬಲ್‌ನಲ್ಲಿ ತಿಂಗಳು ಹಳೆಯದಿದ್ದರೆ ಹಳೇ ಸ್ಟಾಕ್, ಅಷ್ಟೇ. ಗೋಡೌನ್‌ನಲ್ಲಿ ಕೂತ ಹೊಸ ಕ್ಯಾಮೆರಾ ಹಳತಾಗುವುದಿಲ್ಲ. ಆದರೆ ಒಂದು ಉಪಾಯ ಇದೆ. ಮೆನುವಿನಲ್ಲಿ ಫರ್ಮ್‌ವೇರ್ (ಕ್ಯಾಮೆರಾ ನಡೆಸುವ ಒಳಗಿನ ತಂತ್ರಾಂಶ) ಆವೃತ್ತಿ ನೋಡಿ, ಅದು ಯಾವಾಗ ಬಿಡುಗಡೆ ಆಯಿತು ಅಂತ ಕಂಪನಿಯ ಸೈಟ್‌ನಲ್ಲಿ ನೋಡಿ. ಬಾಕ್ಸ್ ಮಾರ್ಚ್‌ನದ್ದು, ಫರ್ಮ್‌ವೇರ್ ಆಗಸ್ಟ್‌ನದ್ದು ಅಂದರೆ ನಡುವೆ ಯಾರೋ ಬಾಕ್ಸ್ ತೆಗೆದು, ಬ್ಯಾಟರಿ ಹಾಕಿ, ಅಪ್‌ಡೇಟ್ ಮಾಡಿದ್ದಾರೆ. ಮಾರುವವರು ಅಷ್ಟು ಮುತುವರ್ಜಿ ವಹಿಸುವುದು ಅಪರೂಪ. ಬಳಸುವವರೇ ಅದನ್ನು ಮಾಡುವುದು.

ಸೀರಿಯಲ್ ನಂಬರ್ ನಾಲ್ಕು ಕಡೆ ಹೊಂದಬೇಕು. ಬಾಕ್ಸ್, ಬಾಡಿ, ವಾರಂಟಿ ಕಾರ್ಡ್, ಬಿಲ್. ನಿಕಾನ್, ಕ್ಯಾನನ್‌ನ ಫೋಟೊ ಫೈಲ್ ಒಳಗೂ ಅದೇ ನಂಬರ್ ಇರುತ್ತದೆ, ಅದನ್ನೂ ಹೋಲಿಸಿ. ಇನ್ನು "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸರ್" ಅನ್ನುವ ಮಾತು. ಕ್ಯಾಮೆರಾ ಮೇಲಿನ ಜಿಎಸ್‌ಟಿ ಮೊದಲು 28 ಪರ್ಸೆಂಟ್ ಇತ್ತು, 2019ರ ಜನವರಿಯಿಂದ 18 ಆಯಿತು. ಐವತ್ತು ಸಾವಿರಕ್ಕೆ ಒಂಬತ್ತು ಸಾವಿರ ಉಳಿಯುತ್ತದೆ ಅಂತ ಆಸೆ ಆಗುವುದು ಸಹಜ. ಆದರೆ ಬಿಲ್ ಇಲ್ಲದಿದ್ದರೆ ನನ್ನ ಕೈಯಲ್ಲಿ ಬರೀ ಕುಂಕುಮದ ಟಿಶ್ಯೂ ಇರುತ್ತಿತ್ತು.

ಲೆನ್ಸ್ ಬಳಸಿದ್ದೋ ಅಲ್ಲವೋ ಹೇಗೆ ತಿಳಿಯುವುದು?

ಲೆನ್ಸ್‌ಗೆ ಮೀಟರ್ ಇಲ್ಲ. ಹಿಂದಿನ ಬಳೆಯ ಗೀರು, ಮುಂದೆ ಫಿಲ್ಟರ್ ಹಾಕುವ ತಿರುಪಿನ ಸುತ್ತು, ಹುಡ್‌ನ (ಬೆಳಕು ತಡೆಯಲು ಲೆನ್ಸ್ ಮುಂದೆ ಹಾಕುವ ಕೊಳವೆ) ಅಂಚು ನೋಡಿ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ಗೆ ಬೇರೆ ಬಾಕ್ಸ್ ಇಲ್ಲದೆ ಬಬಲ್ ಕವರ್‌ನಲ್ಲಿ ಸುತ್ತಿ ಬರುವುದು ಮಾಮೂಲು, ಅದಕ್ಕೆ ಅನುಮಾನ ಬೇಡ.

ಡೆಮೊ ಪೀಸ್ ಕಡಿಮೆಗೆ ಕೊಡ್ತೀವಿ ಅಂತಾರೆ. ತಗೋಬಹುದಾ?

ಧಾರಾಳವಾಗಿ. ನಾನೇ ತಗೊಂಡಿದ್ದೇನೆ. ಮೊದಲೇ ಹೇಳಿ ಬೆಲೆ ಇಳಿಸಿದರೆ ಅದರಲ್ಲಿ ಮೋಸ ಏನು ಬಂತು? ಕೌಂಟ್ ನೋಡಿ, ಬಿಲ್‌ನಲ್ಲಿ ಡೆಮೊ ಅಂತ ಬರೆಸಿ, ವಾರಂಟಿ ಯಾವತ್ತಿನಿಂದ ಲೆಕ್ಕ ಅಂತ ಕೇಳಿ. ಅಂಗಡಿಯವರು ಆಗಲೇ ನೋಂದಾಯಿಸಿದ್ದರೆ ನಿಮಗೆ ಸಿಗುವುದು ಉಳಿದ ತಿಂಗಳುಗಳು ಮಾತ್ರ. ಕಂಪನಿಯೇ ರಿಪೇರಿ ಮಾಡಿ ರಿಫರ್ಬಿಶ್ಡ್ ಅಂತ ಮಾರುವುದಕ್ಕೂ ಇದೇ ಮಾತು.

ಆನ್‌ಲೈನ್‌ನಲ್ಲಿ ತರಿಸುವಾಗ ಏನು ಎಚ್ಚರ?

ವಿಡಿಯೊ. ಕೊರಿಯರ್ ಲೇಬಲ್ ತೋರಿಸುವುದರಿಂದ ಶುರು ಮಾಡಿ, ಟೇಪ್ ಕತ್ತರಿಸುವುದು, ಸೀರಿಯಲ್ ನಂಬರ್, ಮೊದಲ ಸಲ ಆನ್ ಮಾಡುವುದು, ಎಲ್ಲ ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ. ಮಗನೋ ಮಗಳೋ ಮೊಬೈಲ್ ಹಿಡಿದರೆ ನಿಮ್ಮ ಎರಡೂ ಕೈ ಖಾಲಿ ಇರುತ್ತವೆ.

ವಾಪಸ್ ಮಾಡುವ ಅವಧಿ ಹಲವು ಕಡೆ 7 ಅಥವಾ 10 ದಿನ. ಅದೂ ಬದಲಿ ಮಾತ್ರ, ದುಡ್ಡು ವಾಪಸ್ ಇಲ್ಲ ಅಂತ ಇರಬಹುದು. ಕೊಳ್ಳುವ ಮೊದಲೇ ಓದಿಕೊಳ್ಳಿ. ಹಬ್ಬದ ಸೇಲ್‌ನಲ್ಲಿ ತಗೊಂಡು "ಟ್ರಿಪ್‌ಗೆ ಹೋಗುವಾಗ ತೆಗೆಯೋಣ" ಅಂತ ಬೀರುವಿನಲ್ಲಿ ಇಟ್ಟವರ ಪಾಡು ಹೇಳತೀರದು.

ಅಮೆರಿಕದಿಂದ ಭಾವ ತಂದುಕೊಡ್ತಾರೆ. ಅದನ್ನು ಹೇಗೆ ನೋಡೋದು?

ಅವರು ಅಲ್ಲಿಂದ ಹೊರಡುವ ಮೊದಲೇ ನೋಡಬೇಕು. ಒಂದು ಫೋಟೊ ತೆಗೆದು ಮೂಲ ಫೈಲನ್ನು ಇಮೇಲ್ ಮಾಡಲು ಹೇಳಿ. ಇಲ್ಲಿಗೆ ಬಂದ ಮೇಲೆ ವಾಪಸ್ ಮಾಡಲಾಗದು, ಅಲ್ಲಿನ ವಾರಂಟಿ ಇಲ್ಲಿ ನಡೆಯದಿರುವ ಸಾಧ್ಯತೆಯೇ ಜಾಸ್ತಿ.

ಬಳಸಿದ್ದೇ ಅಂತ ಖಾತ್ರಿಯಾಯಿತು. ಈಗ ಏನು ಮಾಡಲಿ?

ಇನ್ನೊಂದು ಕ್ಲಿಕ್ ಮಾಡಬೇಡಿ. ಕೌಂಟ್ ತೋರಿಸುವ ಸ್ಕ್ರೀನ್‌ನ ಚಿತ್ರ, ಗೀರುಗಳ ಫೋಟೊ, ಬಿಲ್, ಬಾಕ್ಸ್ ಲೇಬಲ್ ಎಲ್ಲ ಒಂದು ಕಡೆ ಇಟ್ಟುಕೊಳ್ಳಿ. ಮೊದಲು ಅಂಗಡಿಗೆ ಹೋಗಿ ಮೆತ್ತಗೆ ಮಾತಾಡಿ. ಎಷ್ಟೋ ಸಲ ಮಾಲೀಕರಿಗೇ ಗೊತ್ತಿರುವುದಿಲ್ಲ, ಕೆಲಸದ ಹುಡುಗ ವಾಪಸ್ ಬಂದ ಪೀಸನ್ನು ಹೊಸದರ ಸಾಲಿಗೆ ಸೇರಿಸಿರುತ್ತಾನೆ. ಬಾಯಿಮಾತಲ್ಲಿ ಆಗದಿದ್ದರೆ ಇಮೇಲ್ ಮಾಡಿ, ಬರಹದಲ್ಲಿರಲಿ.

"ಮಾರಿದ ಮಾಲು ವಾಪಸ್ ಇಲ್ಲ" ಅನ್ನುವ ಬೋರ್ಡ್ ತೋರಿಸಿದರೆ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಿದೆ. ಸೆಕೆಂಡ್ ಹ್ಯಾಂಡ್ ಅಥವಾ ಹಳೇ ವಸ್ತುವನ್ನು ಹೊಸದು ಅಂತ ಹೇಳಿ ಮಾರುವುದು ಅದರಲ್ಲಿ ಅನುಚಿತ ವ್ಯಾಪಾರದ ಪಟ್ಟಿಯಲ್ಲೇ ಇದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಹಾಗೇನೂ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳದಿದ್ದರೆ ಅದೂ ಅನುಚಿತವೇ.

1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಸಲ ಅಷ್ಟಕ್ಕೇ ಅಂಗಡಿಯವರು ದಾರಿಗೆ ಬರುತ್ತಾರೆ. ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಲ್ಲಿ ಕೊಂಡ ಕ್ಯಾಮೆರಾಕ್ಕೆ ಹಾವೇರಿಯವರು ಬೆಂಗಳೂರಿಗೆ ಅಲೆಯಬೇಕಿಲ್ಲ. 5 ಲಕ್ಷದವರೆಗೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು.

ನಾನು ಸ್ಟುಡಿಯೊ ಇಟ್ಟಿದ್ದೇನೆ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅಂತಾರಲ್ಲ?

ಹಾಗೆ ಹೇಳಿ ಹೆದರಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತ ಕೊಂಡು ತಾನೇ ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ನೋಡುತ್ತದೆ. ನಮ್ಮಂಥ ಒಬ್ಬರೇ ದುಡಿಯುವ ಫೋಟೊಗ್ರಾಫರ್‌ಗಳು ಅದರೊಳಗೆ ಬರುತ್ತೇವೆ. ಹತ್ತು ಕ್ಯಾಮೆರಾ ಕೊಂಡು ಬಾಡಿಗೆಗೆ ಬಿಡುವವರ ಕತೆ ಬೇರೆ.

ಹೊಸ ಕ್ಯಾಮೆರಾಕ್ಕೆ ಪೂಜೆ ಯಾವಾಗ ಮಾಡಬೇಕು?

ಇದನ್ನು ನಮ್ಮತ್ತೆ ಕೇಳಿದ್ದು. ತಂದ ದಿನವೇ ಮಾಡಿ, ತಪ್ಪಿಲ್ಲ. ಕುಂಕುಮ ಬಾಕ್ಸ್‌ಗೆ ಇಡಿ, ಬಾಡಿಗೆ ಬೇಡ. ನುಣ್ಣನೆಯ ಪುಡಿ ಗುಂಡಿಗಳ ಸಂದಿಗೆ ಇಳಿದರೆ ಬ್ರಷ್‌ಗೂ ಸಿಗುವುದಿಲ್ಲ. ಬಾಕ್ಸ್‌ಗೂ ಲೇಬಲ್ ಇಲ್ಲದ ಕಡೆ ಇಡಿ, ಸೀರಿಯಲ್ ನಂಬರ್ ಮೇಲೆ ಅರಿಶಿನ ಬಿದ್ದರೆ ಸರ್ವಿಸ್ ಸೆಂಟರ್‌ನವರು ಓದಲಾಗದೆ ನಿಮ್ಮ ಮುಖ ನೋಡುತ್ತಾರೆ. ನಿಂಬೆಹಣ್ಣು ಪಕ್ಕದಲ್ಲಿರಲಿ.